ಮನೆಯೊಳಗೆ ಬಂದ ಪರೀಕ್ಷೆಯ ಕಣ್ಣು

ನಡುರಾತ್ರಿ ಪೊಲೀಸರು ಬಾಗಿಲು ತಟ್ಟಿ ಮನೆಯವನನ್ನು ಎಬ್ಬಿಸಬಹುದೇ? ಉತ್ತರಪ್ರದೇಶದ ಖರಕ್ ಸಿಂಗ್ ಎಂಬವರು ಸುಪ್ರೀಂ ಕೋರ್ಟಿನಲ್ಲಿ ಕೇಳಿದ ಪ್ರಶ್ನೆಯಿದು. ದರೋಡೆಯ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದರೂ ಪೊಲೀಸರು ಅವರ ಬೆನ್ನು ಬಿಟ್ಟಿರಲಿಲ್ಲ. 1962ರ ಡಿಸೆಂಬರಿನಲ್ಲಿ ನ್ಯಾಯಾಲಯ ಆ ರಾತ್ರಿಯ ಭೇಟಿಗಳನ್ನು ರದ್ದುಗೊಳಿಸಿತು. ಆದರೆ ಖಾಸಗಿತನವು ಸಂವಿಧಾನದತ್ತ ಹಕ್ಕಲ್ಲವೆಂದೂ ಬಹುಮತದ ತೀರ್ಪು ಹೇಳಿತು. ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟ ಹಾಗೆ! ನ್ಯಾಯಮೂರ್ತಿ ಸುಬ್ಬರಾವ್ ಅವರು ಇದನ್ನು ಒಪ್ಪಲಿಲ್ಲ.

ಆ ಕಿಟಕಿ ಮುಚ್ಚಲು ಮತ್ತೆ 55 ವರ್ಷ ಬೇಕಾಯಿತು. ಅದಕ್ಕೆ ಕಾರಣರಾದವರು ಕನ್ನಡಿಗರೆಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಒಮ್ಮತದಿಂದ ಮೂಲಭೂತ ಹಕ್ಕೆಂದು ಸಾರಿತು.

ಮೂರೇ ವರ್ಷದಲ್ಲಿ ಕೋವಿಡ್ ಬಂತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಮನೆಯಲ್ಲೇ ಕುಳಿತು ಬರೆಯುವ ತನ್ನದೇ ಪ್ರವೇಶ ಪರೀಕ್ಷೆಯನ್ನು 2020ರ ಸೆಪ್ಟೆಂಬರ್ 12ರಂದು ನಡೆಸಿತು. ಮೇಲ್ವಿಚಾರಕರ ಕೆಲಸದ ದೊಡ್ಡ ಪಾಲು ಕ್ಯಾಮೆರಾಕ್ಕೂ ಕೃತಕ ಬುದ್ಧಿಮತ್ತೆಗೂ ಸೇರಿತು. ಕವಲಾಪುರವಿರಲಿ, ಕಾಸರಗೋಡಿರಲಿ, ಓದುವ ಹುಡುಗಿಗೆಂದೇ ಕೋಣೆಯಿರುವ ಮನೆಗಳೆಷ್ಟು? ಪಡಸಾಲೆಯಲ್ಲಿ ಅಜ್ಜ ಮಲಗಿರುತ್ತಾರೆ, ಅಮ್ಮ ಬಟ್ಟೆ ಮಡಚುತ್ತಿರುತ್ತಾಳೆ. ಅವರಾರೂ ಪರೀಕ್ಷೆಗೆ ಕುಳಿತವರಲ್ಲ. ಆದರೂ ಚಿತ್ರದಲ್ಲಿ ಸೇರುತ್ತಾರೆ. ಅಜ್ಜಿ ಕನ್ನಡದಲ್ಲಿ "ಊಟ ಮಾಡಿದೆಯೇನೇ?" ಎಂದರೆ, ಭಾಷೆ ತಿಳಿಯದ ಯಂತ್ರ ಅದನ್ನು ಉತ್ತರ ಹೇಳಿಕೊಟ್ಟಂತೆ ಎಣಿಸಿದರೆ ಆಶ್ಚರ್ಯವೇನು?

ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು ಆ ಪರೀಕ್ಷೆಯನ್ನು ರದ್ದುಪಡಿಸಿ, ಕ್ಲಾಟ್ ಮೂಲಕವೇ ಪ್ರವೇಶ ನೀಡಬೇಕೆಂದಿತು. ಆದರೆ ಆ ತೀರ್ಪು ನಿಂತದ್ದು ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ನಿಯಮ, ಪರೀಕ್ಷೆಯ ಪಾರದರ್ಶಕತೆ, ಸಲಕರಣೆಯಿಲ್ಲದ ವಿದ್ಯಾರ್ಥಿಗಳ ಪಾಡು, ಇವುಗಳ ಮೇಲೆ. ಪುಟ್ಟಸ್ವಾಮಿಯವರು ಗೆದ್ದುಕೊಟ್ಟ ಹಕ್ಕಿನ ಪ್ರಶ್ನೆ ಅಲ್ಲಿ ಇತ್ಯರ್ಥವಾಗಲಿಲ್ಲ.

ಅದನ್ನು ನೇರವಾಗಿ ಎತ್ತಿಕೊಂಡದ್ದು ಅಮೆರಿಕದ ಓಹಾಯೋದ ಒಂದು ನ್ಯಾಯಾಲಯ. ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 2021ರ ಫೆಬ್ರವರಿಯಲ್ಲಿ ರಸಾಯನಶಾಸ್ತ್ರದ ಪರೀಕ್ಷೆಗೆ ಮುನ್ನ ತನ್ನ ಮಲಗುವ ಕೋಣೆಯ ಸುತ್ತ ಕ್ಯಾಮೆರಾ ತಿರುಗಿಸಿ ತೋರಿಸಬೇಕಾಯಿತು. ಕೋಣೆಯಲ್ಲಿ ಅವನ ಔಷಧಿಗಳೂ ತೆರಿಗೆಯ ಕಾಗದಗಳೂ ಇದ್ದವು. ತೋರಿಸಿದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಹಾಗಿದ್ದೂ 2022ರ ಆಗಸ್ಟ್ 22ರಂದು ನ್ಯಾಯಾಲಯವು ಅದನ್ನು ಮನೆಯ ಶೋಧವೆಂದೇ ಎಣಿಸಿತು. ವಿಶ್ವವಿದ್ಯಾಲಯ ಸರಕಾರದ್ದಾದುದರಿಂದ ಅದು ಸಂವಿಧಾನಬಾಹಿರವೆಂದು ತೀರ್ಮಾನಿಸಿತು.