ಕೋವಿಯ ಮೇಲಿನ ಬರಹ

ಕಳೆದ ದಸರೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಟೆಕ್ಸಸ್ ಪ್ರಾಂತದಿಂದ ಹತ್ತು ಹನ್ನೆರಡು ಛಾಯಾಚಿತ್ರಗಳನ್ನು ಕಳುಹಿಸಿದ. ಆತ ಈಗ ಅಲ್ಲಿ ಎಂಜಿನಿಯರು. ಸೈನ್ಯದ ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಮುದಿ ರೈಫಲನ್ನು ಕೊಂಡಿದ್ದನಂತೆ. "ಸಾರ್, ಇದು ಇಂಡಿಯಾದ್ದು ಎಂದು ಅಂಗಡಿಯವನು ಹೇಳಿದ. ನೀವು ಶಾಸನ ಓದುವವರು. ಇದರ ಮೈಮೇಲೆಲ್ಲ ಏನೇನೋ ಬರೆದಿದೆ, ಓದಿ ಹೇಳಿ. ಆಮೇಲೆ ಚೆನ್ನಾಗಿ ಉಜ್ಜಿ ಹೊಸದರಂತೆ ಮಾಡಿಬಿಡುತ್ತೇನೆ" ಎಂದು ಬರೆದಿದ್ದ.

ಕನ್ನಡದ ಮೇಷ್ಟರಿಗೂ ಕೋವಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಉಂಟು. ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ. ಕವಾಯಿತಿನಲ್ಲಿ ಎರಡು ವರ್ಷ ಇಂಥದೇ ರೈಫಲನ್ನು ಹೆಗಲಮೇಲೆ ಹೊತ್ತವನು ನಾನು. ಗುಂಡು ಹಾರದಂತೆ ತೂತು ಕೊರೆದು, 'ಡಿ.ಪಿ.' ಎಂದು ಅಕ್ಷರ ಒತ್ತಿ, ಕವಾಯಿತಿಗಷ್ಟೇ ಉಳಿಸಿಕೊಂಡಿದ್ದ ಕೋವಿ ಅದು. ಹೆಚ್ಚುಕಡಿಮೆ ನಾಲ್ಕು ಕಿಲೋ ಭಾರ. ಬಿಸಿಲಿನಲ್ಲಿ ಅರ್ಧ ಗಂಟೆ ನಿಂತರೆ ಅದು ಹತ್ತು ಕಿಲೋ ಆಗುತ್ತಿತ್ತು.

ನಮ್ಮ ಜನ 'ತ್ರೀ ನಾಟ್ ತ್ರೀ' ಎಂದು ಕರೆಯುವ ಈ ಕೋವಿಯ ವಂಶಾವಳಿ ತುಸು ಉದ್ದವಾದದ್ದು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲಸಿದ ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಇದರ ಬೋಲ್ಟು ಮತ್ತು ತೋಟಾಪೆಟ್ಟಿಗೆಯ ಏರ್ಪಾಡನ್ನು ಕಲ್ಪಿಸಿದ. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡಿನ ಸರಕಾರಿ ಕಾರ್ಖಾನೆ ನಳಿಗೆಯೊಳಗಿನ ತಿರುಪುಗೆರೆಗಳನ್ನು ಕೊಟ್ಟಿತು. ಹೀಗೆ ಲೀ-ಎನ್‌ಫೀಲ್ಡ್ ಎಂಬ ಜೋಡಿಹೆಸರು. 1907ರಲ್ಲಿ ಅಂಗೀಕೃತವಾದ ಮೂರನೆಯ ಮಾದರಿಯನ್ನೇ ನಮ್ಮಲ್ಲಿ ಹೆಚ್ಚಾಗಿ ತಯಾರಿಸಿದ್ದು. ಈ ಕುಲದ ಆಯುಸ್ಸು ಬೆರಗು ಹುಟ್ಟಿಸುವಂಥದು: 2008ರ ನವೆಂಬರಿನಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಭಯೋತ್ಪಾದಕರಿಗೆ ಎದುರಾದ ಪೊಲೀಸರ ಕೈಯಲ್ಲಿ ಇದ್ದದ್ದು ಇದೇ ಕುಲದ ರೈಫಲು, ಉತ್ತರ ಪ್ರದೇಶದ ಪೊಲೀಸರು ಇದನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದ ದಿನ. ನಮ್ಮ ದೇಶದಲ್ಲಿ ಈ ಅಳತೆಯ ಕೋವಿ ಸಾಮಾನ್ಯ ಪರವಾನಗಿಗೆ ಸಿಗುವಂಥದಲ್ಲ. ಆದ್ದರಿಂದ ಸೈನ್ಯ ಕೈಬಿಟ್ಟ ಕೋವಿಗಳಲ್ಲಿ ಅನೇಕವು ಹಡಗು ಹತ್ತಿ ಅಮೆರಿಕದ ಸಂಗ್ರಾಹಕರ ಮನೆ ಸೇರಿದವು.

ಶಾಸನವನ್ನು ಓದುವವನು ಮೊದಲು ಕಲ್ಲಿನ ತಲೆಯ ಭಾಗವನ್ನು ನೋಡುತ್ತಾನೆ. ಈ ಕೋವಿಯಲ್ಲಿ ಮೊದಲು ನೋಡಬೇಕಾದದ್ದು ಅದರ ಕೊರಳು, ಎಂದರೆ ಮರದ ಹಿಡಿ ಬಂದು ಸೇರುವ ಉಕ್ಕಿನ ಪಟ್ಟಿ. ಅದರ ಬಲಮಗ್ಗುಲಲ್ಲಿ ಒಂದು ಕಿರೀಟ. ಅದರ ಕೆಳಗೆ 'ಜಿ.ಆರ್.ಐ.', ಅದರ ಕೆಳಗೆ 'ಇಶಾಪುರ', ಅದರ ಕೆಳಗೆ 1943. ಕಿರೀಟವೂ ಮೂರಕ್ಷರವೂ ಸೇರಿ ಪ್ರಶಸ್ತಿಭಾಗ. ಲ್ಯಾಟಿನ್ನಿನಲ್ಲಿ ಬಿಡಿಸಿ ಓದಿದರೆ 'ಜಾರ್ಜ್, ರಾಜ, ಚಕ್ರವರ್ತಿ' ಎಂದಾಗುತ್ತದೆ. ಇಂಗ್ಲೆಂಡಿನಲ್ಲಿ ಆದ ಕೋವಿಗಳ ಮೇಲೆ 'ಜಿ.ಆರ್.' ಎಂದು ಎರಡೇ ಅಕ್ಷರ. ಆ ಕಡೆಯ 'ಐ' ನಮ್ಮಿಂದ ಆತನಿಗೆ ಸಂದ ಬಿರುದು! ತನ್ನ ಊರಿನಲ್ಲಿ ಆತ ಬರಿಯ ರಾಜ, ಹಿಂದೂಸ್ಥಾನವಿದ್ದುದರಿಂದ ಚಕ್ರವರ್ತಿ. ನಮ್ಮ ಚಾಲುಕ್ಯರ, ಹೊಯ್ಸಳರ ಬಿರುದಾವಳಿಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇಶಾಪುರ ಕಲ್ಕತ್ತದ ಉತ್ತರಕ್ಕೆ ಹೂಗ್ಲಿಯ ದಡದಲ್ಲಿದೆ. ಕಂಪೆನಿ ಸರಕಾರದ ಮದ್ದಿನ ಕಾರ್ಖಾನೆಯಿದ್ದ ಜಾಗದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೈಫಲು ಕಾರ್ಖಾನೆ ಎದ್ದಿತು. 1943 ಎಂಬ ಆ ನಾಲ್ಕು ಅಂಕೆಗಳ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿತು. ಆ ವರ್ಷವೇ ಬಂಗಾಳದ ಮಹಾಕ್ಷಾಮ. ಲಕ್ಷಾಂತರ ಜನ ಗಂಜಿಗೆ ಗತಿಯಿಲ್ಲದೆ ಸತ್ತರು. ಕಲ್ಕತ್ತದ ಬೀದಿಗಳಲ್ಲಿ ಹೆಣ ಬಿದ್ದವು. ಅದೇ ಬಂಗಾಳದ ಕಾರ್ಖಾನೆಯಿಂದ ಕೋವಿಗಳು ಯುದ್ಧಕ್ಕೆ ಹೊರಡುತ್ತಲೇ ಇದ್ದವು. ಕೊರೆದವನಿಗೆ ಅದು ಬರಿಯ ತಾರೀಖು.

ಇನ್ನೊಂದು ಮಗ್ಗುಲಲ್ಲಿ ಬೇರೆ ಕೈಯಿಂದ ಒತ್ತಿದ ಸಣ್ಣ ಅಕ್ಷರಗಳು: 'ಎಫ್.ಆರ್. 50'. ಕಾರ್ಖಾನೆಯಲ್ಲಿ ದುರಸ್ತಿಯಾಯಿತು, 1950ರಲ್ಲಿ ಎಂದು ಅರ್ಥ. ಗಣರಾಜ್ಯವಾದ ವರ್ಷವೇ ಈ ಕೋವಿ ಮರಳಿ ಇಶಾಪುರಕ್ಕೆ ಹೋಗಿ ಬಂದಿದೆ. ಆದರೆ ಕಿರೀಟವನ್ನು ಯಾರೂ ಅರವಿಲ್ಲ. ಗಣರಾಜ್ಯದಲ್ಲಿ ಹೊಸದಾಗಿ ಹುಟ್ಟಿದ ಕೋವಿಗಳಿಗೆ ಅಶೋಕನ ಸಿಂಹಗಳು ಬಂದವು, ಹಳೆಯದಕ್ಕೆ ಹಳೆಯ ಪ್ರಶಸ್ತಿಯೇ ಉಳಿಯಿತು. ಶ್ರೀರಂಗಪಟ್ಟಣದ ಟಿಪ್ಪುವಿನ ಕೋವಿಗಳೂ ಹೀಗೆಯೇ ಹುಲಿಪಟ್ಟೆ, ಊರಿನ ಹೆಸರು, ಮೌಲೂದಿ ವರ್ಷ ಹೊತ್ತವು. ಅವು ಗೆದ್ದವರ ವಸ್ತುಸಂಗ್ರಹಾಲಯಕ್ಕೆ ಹೋದದ್ದರಿಂದ ಅವನ್ನು ಓದುವವರಿದ್ದರು. ಬಡ ಸಿಪಾಯಿಯ ಕೋವಿಯನ್ನು ಓದುವವರು ಯಾರು?

ಶಿಷ್ಯನಿಗೆ ಬಹಳ ಬೇಸರವಾಗಿದ್ದದ್ದು ಮರದ ಮುಂಭಾಗದಲ್ಲಿ, ತೋಟಾಪೆಟ್ಟಿಗೆಯ ಮುಂದೆ, ಅಡ್ಡಲಾಗಿ ತೂರಿಸಿದ್ದ ಒಂದು ತಿರುಪುಮೊಳೆಯಿಂದ. "ಯಾವನೋ ಅಡ್ಡಕಸುಬಿ ಹಾಕಿದ್ದಾನೆ ಸಾರ್, ಕಿತ್ತು ತೂತು ಮುಚ್ಚಿಬಿಡಲೆ?" ಎಂದು ಕೇಳಿದ್ದ. ನಾನು ತಕ್ಷಣ ಬೇಡವೆಂದು ಬರೆದೆ. ಅದು ಅಡ್ಡಕಸುಬಲ್ಲ. ಮರ ಸೀಳದಿರಲಿ ಎಂದು ಭಾರತದಲ್ಲೇ ಮಾಡಿದ ಬಲವರ್ಧನೆ. ಬೇರೆ ದೇಶದ ಸಂಗ್ರಾಹಕರು ಅದನ್ನು ಇಶಾಪುರದ ಮೊಳೆಯೆಂದೇ ಗುರುತಿಸುತ್ತಾರೆ. ಇಂಗ್ಲೆಂಡಿನ ನಕ್ಷೆಯಲ್ಲಿಲ್ಲದ ಒಂದು ಮಾತನ್ನು ನಮ್ಮ ಕಮ್ಮಾರಸಾಲೆ ಈ ಕೋವಿಗೆ ಸೇರಿಸಿದೆ. ಅದನ್ನು ಕಿತ್ತರೆ ಉಳಿಯುವುದೇನು?

ಅಂಕೆಗಳ ವಿಚಾರವೂ ಹೀಗೆಯೇ. ಒಂದೇ ಸಂಖ್ಯೆ ನಳಿಗೆಯ ಮೇಲೆ, ಬೋಲ್ಟಿನ ಹಿಡಿಯ ಮೇಲೆ, ಮೂತಿಯ ಕವಚದ ಮೇಲೆ ಇರಬೇಕು. ಈತನದರಲ್ಲಿ ಮೂತಿಯ ಸಂಖ್ಯೆ ಬೇರೆ; ಯಾವುದೋ ಸತ್ತ ಕೋವಿಯ ಅಂಗವನ್ನು ಇದಕ್ಕೆ ಜೋಡಿಸಿದ್ದಾರೆ. ಅದರಿಂದ ಕೇಡಿಲ್ಲ. ಬೋಲ್ಟಿನದು ಹಾಗಲ್ಲ. ಬೋಲ್ಟೂ ನಳಿಗೆಯೂ ಒಂದಕ್ಕೊಂದು ಹೊಂದಿಸಿದ ಜೋಡಿ. ನಡುವಣ ಅಂತರ ಹೆಚ್ಚಾದರೆ ತೋಟಾ ಹಾರಿಸುವವನ ಮುಖದತ್ತಲೇ ಒಡೆಯಬಹುದು. ಸಂಖ್ಯೆ ಹೊಂದಿದ್ದರೂ, ಬಲ್ಲ ಕೋವಿ ಕಸಬುದಾರನಿಗೆ ತೋರಿಸದೆ ಗುಂಡು ಹಾಕಬೇಡವೆಂದು ಖಂಡಿತವಾಗಿ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಮಾಡಬೇಕಾದದ್ದು ಬಹಳ ಕಡಿಮೆ. ಹಳೆಯ ಗ್ರೀಸನ್ನು ಬಟ್ಟೆಯಿಂದ ಒರಸಬೇಕು. ನಳಿಗೆಯೊಳಕ್ಕೆ ಕುದಿನೀರು ಹುಯ್ಯಬೇಕು. ಆ ಕಾಲದ ತೋಟಾದ ಕೇಪಿನ ಮದ್ದು ಉರಿದಮೇಲೆ ಉಳಿಯುವ ಉಪ್ಪು ತೇವ ಹೀರಿ ಉಕ್ಕನ್ನು ತಿನ್ನುತ್ತದೆ, ಎಣ್ಣೆಗೆ ಅದು ಕರಗುವುದಿಲ್ಲ. ಆಮೇಲೆ ದಾರಕ್ಕೆ ಚಿಂದಿ ಕಟ್ಟಿ ಎಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಮರಕ್ಕೆ ಅಗಸೆ ಎಣ್ಣೆ, ಅಂಗೈಯಿಂದ ತಿಕ್ಕಿ, ಒಣಗಿದಮೇಲೆ ಮತ್ತೆ ತಿಕ್ಕಿ. ತಗ್ಗುಬಿದ್ದ ಕಡೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಮರ ತಾನೇ ಏಳುತ್ತದೆ. ಉಪ್ಪುಕಾಗದ ಮಾತ್ರ ಕೂಡದು.

ಈ ಉಪ್ಪುಕಾಗದದ ಮಾತನ್ನು ಅಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವಿದೆ. ನಾನು ಕ್ಯಾಡೆಟ್ಟಾಗಿದ್ದಾಗ ದೊಡ್ಡ ಅಧಿಕಾರಿಯೊಬ್ಬರ ತನಿಖೆಗೆ ಮುನ್ನ ಕೋವಿಗಳು ಮಿರಮಿರ ಮಿಂಚಬೇಕೆಂದು ಅಪ್ಪಣೆಯಾಯಿತು. ಮೂರು ದಿನ ನಾವು ಹುಡುಗರು ಕೂತು ಮರವನ್ನು ಉಜ್ಜಿ ವಾರ್ನಿಷ್ ಬಳಿದೆವು. ನನ್ನ ಕೋವಿಯ ಹಿಡಿಯಲ್ಲಿ ದುಂಡಗಿನ ಒಂದು ಹಿತ್ತಾಳೆಯ ಬಿಲ್ಲೆಯಿತ್ತು. ಹಿಂದಿನ ಕಾಲದಲ್ಲಿ ಕೋವಿ ಯಾವ ಪಲ್ಟನಿನದು ಎಂದು ಬರೆಯುತ್ತಿದ್ದದ್ದು ಅಂಥ ಬಿಲ್ಲೆಯ ಮೇಲೆಯೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ತರುವಾಯ. ಅದರ ಮೇಲೆ ಮಸುಕು ಗೆರೆಗಳಿದ್ದವು, ಕನ್ನಡಿಯಾಗುವವರೆಗೆ ತಿಕ್ಕಿದೆ. ಬೆನ್ನು ತಟ್ಟಿಸಿಕೊಂಡೆ. ಇಂದು ವೀರಗಲ್ಲಿಗೆ ಬಣ್ಣ ಬಳಿದ ಹಳ್ಳಿಯವರನ್ನು ಗದರಿಸಲು ಹೊರಟಾಗಲೆಲ್ಲ ನನಗೆ ಆ ಬಿಲ್ಲೆ ನೆನಪಾಗಿ ದನಿ ತಗ್ಗುತ್ತದೆ. ವೀರಗಲ್ಲಿನಲ್ಲಿ ತುರುಗೊಳಲ್ಲಿ ಬಿದ್ದ ಸಾಮಾನ್ಯನ ಹೆಸರೂ ಇರುತ್ತದೆ. ಕೋವಿಯಲ್ಲಿ ಅರಸನ ಹೆಸರಿದೆ, ಊರಿದೆ, ವರ್ಷವಿದೆ, ಹೊತ್ತವನ ಹೆಸರಿಲ್ಲ. ಅವನ ಹತ್ತಿರಕ್ಕೆ ನಮ್ಮನ್ನು ಕರೆದೊಯ್ಯಬಲ್ಲದ್ದು ಬಿಲ್ಲೆಯ ಮೇಲಿನ, ಮರದ ಮೇಲಿನ ಆ ಒಂದೆರಡು ಅಕ್ಷರಗಳಷ್ಟೇ.

ಇದನ್ನೆಲ್ಲ ಬರೆದು, ಹಿಡಿಯ ಎಡಮಗ್ಗುಲಿನ ಚಿತ್ರ ಬಂದಿಲ್ಲ, ಪಲ್ಟನಿನ ಗುರುತು ಅಲ್ಲಿರಬಹುದು, ಕಳುಹಿಸು ಎಂದು ಕೇಳಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಚಿತ್ರ ಬಂತು: ಹೊಸದಾಗಿ ತಿಕ್ಕಿದ, ಬೋಳಾದ, ಬಿಳಿಚಿಕೊಂಡ ಮರ. "ನಿಮಗೆ ಬರೆಯುವ ಮುಂಚಿನ ವಾರ ಆ ಮಗ್ಗುಲು ಮುಗಿಸಿದ್ದೆ ಸಾರ್. ಏನೋ ಎರಡು ಅಕ್ಷರವೂ ಒಂದು ನಂಬರೂ ಇತ್ತು. ಮೊದಲನೆಯದು 'ಎಂ' ಇರಬೇಕು. ಸರಿಯಾಗಿ ನೋಡಲಿಲ್ಲ" ಎಂದು ಕೆಳಗೆ ಬರೆದಿದ್ದ.