ತೈಪೆಯ ಗೇಣಿ, ಕಾಗೋಡಿನ ಕೊಳಗ

ತಾಳಗುಪ್ಪದಲ್ಲಿ ಹುಟ್ಟಿ, ಗೇಣಿ, ಕೊಳಗ, ಒಡೆಯ ಎಂಬ ಮಾತುಗಳನ್ನು ಹಿರಿಯರ ಬಾಯಿಂದ ಕೇಳುತ್ತ ಬೆಳೆದ ನನಗೆ, ಈಗ ಅನ್ನವಿಕ್ಕುತ್ತಿರುವ ಈ ತೈಪೆ ನಗರದ ಪೂರ್ವವೃತ್ತಾಂತದಲ್ಲಿ ಮೊದಲು ಕಣ್ಣಿಗೆ ಬಿದ್ದುದು ಭತ್ತದ ಲೆಕ್ಕ. 1949ರ ಮೇ ತಿಂಗಳಲ್ಲಿ ಸೈನಿಕ ಶಾಸನವನ್ನು ಹೇರಿದ ಕುವೊಮಿಂತಾಂಗ್ ಸರ್ಕಾರವೇ, ಅದೇ ವರ್ಷ ಗೇಣಿಯು ಮುಖ್ಯ ಬೆಳೆಯ ಶೇಕಡಾ 37.5ನ್ನು ಮೀರಕೂಡದೆಂದು ವಿಧಿಸಿತು; 1953ರಲ್ಲಿ ಜಮೀನ್ದಾರರ ಹೆಚ್ಚುವರಿ ಭೂಮಿಯನ್ನು ಕೊಂಡು ಉಳುವವರಿಗೆ ಮಾರಿ, ಒಡೆಯರಿಗೆ ಬೆಲೆಯ ಹತ್ತರಲ್ಲಿ ಏಳು ಪಾಲನ್ನು ಭತ್ತ ಮತ್ತು ಗೆಣಸಿನ ಲೆಕ್ಕದ ಸಾಲಪತ್ರಗಳಲ್ಲಿಯೂ, ಉಳಿದುದನ್ನು ಸರ್ಕಾರಿ ಉದ್ಯಮಗಳ ಷೇರುಗಳಲ್ಲಿಯೂ ತೀರಿಸಿತು. ಚೀನದ ನೆಲದಲ್ಲಿ ರೈತರ ಒಲವನ್ನು ಕಳೆದುಕೊಂಡು ರಾಜ್ಯವನ್ನೇ ನೀಗಿಕೊಂಡ ಪಕ್ಷಕ್ಕೆ ಇಲ್ಲಿಯ ಜಮೀನ್ದಾರರು ತನ್ನವರಲ್ಲದ್ದರಿಂದ ಕೈ ನಡುಗಲೂ ಇಲ್ಲ.

ನಮ್ಮ ಸಾಗರ ಸೀಮೆಯಲ್ಲಿ ಕ್ರಮವೇ ತಿರುವುಮುರುವು. 1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು, ಗೇಣಿ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುವ ಒಡೆಯರ ಪದ್ಧತಿಯನ್ನು ಪ್ರತಿಭಟಿಸಿ, ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸತ್ಯಾಗ್ರಹಕ್ಕಿಳಿದು ಸೆರೆಮನೆ ಸೇರಿದರು. ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. ಮರುವರ್ಷ ಸಾಗರ-ಹೊಸನಗರದ ಮತದಾರರು ಶಾಂತವೇರಿ ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಕಳುಹಿಸಿದರಾದರೂ, ಉಳುವವನಿಗೇ ನೆಲವೆಂಬುದು ನೆರವೇರಲು ದೇವರಾಜ ಅರಸರ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ನೆಲ ಬೇಗ ದೊರೆತ ತೈವಾನಿನಲ್ಲಿ ಮತ ತಡವಾಯಿತು. 1947ರಲ್ಲಿ ಚೀನದಲ್ಲಿ ಚುನಾಯಿತರಾಗಿ ಬಂದ ರಾಷ್ಟ್ರೀಯ ಸಭೆಯ ಸದಸ್ಯರು ಮರುಚುನಾವಣೆಯಿಲ್ಲದೆ ನಾಲ್ಕು ದಶಕಗಳಿಗೂ ಮಿಕ್ಕಿ ಪೀಠದಲ್ಲಿಯೇ ವೃದ್ಧರಾದರು. ಹೊಸ ಪಕ್ಷಗಳಿಗೆ ಇನ್ನೂ ನಿಷೇಧವಿದ್ದಾಗಲೇ, 1986ರ ಸೆಪ್ಟೆಂಬರ್ 28ರಂದು, ಅಭ್ಯರ್ಥಿಗಳನ್ನು ಸೂಚಿಸುವ ಸಭೆಯೆಂದು ಕೆಂಪು ಕಂಬಗಳ ಗ್ರ್ಯಾಂಡ್ ಹೋಟೆಲಿನಲ್ಲಿ ನೆರೆದ ವಿರೋಧಿಗಳು ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಕ್ಷವನ್ನು ಸ್ಥಾಪಿಸಿಯೇ ಬಿಟ್ಟರು. ಮರುವರ್ಷ ಜುಲೈನಲ್ಲಿ ಸೈನಿಕ ಶಾಸನ ತೊಲಗಿತು; 1990ರ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳು ಆ ವೃದ್ಧಸಭೆಯ ವಿಸರ್ಜನೆಗಾಗಿ ಚಿಯಾಂಗ್ ಕೈ-ಷೇಕ್ ಸ್ಮಾರಕದ ಅಂಗಳದಲ್ಲಿ ಧರಣಿ ಕುಳಿತರು; 1996ರ ಮಾರ್ಚ್ 23ರಂದು ಪ್ರಜೆಗಳು ಅಧ್ಯಕ್ಷನನ್ನು ಮೊದಲ ಬಾರಿಗೆ ನೇರವಾಗಿ ಆರಿಸಿದರು. ನೆಲ ಕೊಟ್ಟು ಬಾಯಿ ಕಟ್ಟಿದ ಸರ್ಕಾರವನ್ನು ನಾನು ಹೊಗಳಲಾರೆ. ಮತ ಪಡೆದೂ ಗೇಣಿದಾರನನ್ನು ಎರಡು ದಶಕ ಕಾಯಿಸಿದ ನಮ್ಮ ಶಾಸನಸಭೆಗಳಾದರೂ ಬೀಗುವಂತಿಲ್ಲ.

ಊರಿನಿಂದ ಬಂಧುಗಳು ಬಂದಾಗ ತೈಪೆ 101ರ ಗೋಪುರವೊಂದನ್ನೇ ತೋರಿಸಿ ಕಳುಹಿಸದಿರಿ. 1947ರ ಫೆಬ್ರವರಿ 28ರ ಜನಕ್ಷೋಭೆಯ ಸುದ್ದಿಯನ್ನು ದ್ವೀಪಕ್ಕೆಲ್ಲ ಬಿತ್ತರಿಸಿದ ಹಳೆಯ ಬಾನುಲಿ ಕಟ್ಟಡವು ಈಗ ಆ ದಿನದ ಹೆಸರಿನ ಉದ್ಯಾನದಲ್ಲಿ ಸ್ಮಾರಕ ಸಂಗ್ರಹಾಲಯವಾಗಿದೆ, ಅಲ್ಲಿಗೂ ಕರೆದೊಯ್ಯಿರಿ.