ಮೆಷಿನ್‌ನಿಂದ ಮೇಜಿಗೆ ಎಷ್ಟು ಮೆಟ್ಟಿಲು? ಹೊಸೂರು ರಸ್ತೆಯ ಬಟ್ಟೆ ಓದಿನ ಕಥೆ

"ಮಗಳು ಪಿಯುಸಿ ಮುಗಿಸಿದಳು ಸಾರ್. ಫ್ಯಾಷನ್ ಡಿಸೈನ್, ಮರ್ಚಂಡೈಸಿಂಗ್ ಓದ್ತೀನಿ ಅಂತಾಳೆ. ಅಂದ್ರೆ ಟೈಲರಿಂಗೇ ತಾನೇ? ಅದನ್ನ ನಾನೇ ಹೇಳಿಕೊಡಲ್ವಾ?"

ಎಲೆಕ್ಟ್ರಾನಿಕ್ ಸಿಟಿಯ ಬಸ್ ನಿಲ್ದಾಣದಲ್ಲಿ ನಮ್ಮ ಕಡೆಯ ಹೆಂಗಸೊಬ್ಬರು ಕೇಳಿದ ಪ್ರಶ್ನೆ ಇದು. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ವರ್ಷಗಳಿಂದ ಕಾಲರ್ ಕೂರಿಸುವ ಕೆಲಸ ಅವರದು. ಪ್ರಶ್ನೆ ಸಣ್ಣದು, ಆದರೆ ನನಗೆ ಅಲ್ಲೇ ನಿಂತು ಉತ್ತರ ಹೇಳಲಾಗಲಿಲ್ಲ. ಬಟ್ಟೆ ಹೊಲಿಯುವ ಓದು, ಬಟ್ಟೆ ರೂಪಿಸಿ ಮಾರುವ ಓದು ಎರಡೂ ಬೇರೆ ಬೇರೆ ಯಾವಾಗ ಆದವು ಎಂದು ಹುಡುಕಿಕೊಂಡು ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮರ್ಚಂಡೈಸರ್ ಅಂದರೆ ಯಾರು? ವಿದೇಶದ ಕಂಪನಿ ಒಂದು ಅಂಗಿಯ ಚಿತ್ರ, ಅಳತೆ, ಬಟ್ಟೆಯ ವಿವರವನ್ನೆಲ್ಲ ಒಂದು ಕಡತದಲ್ಲಿ ಕಳಿಸುತ್ತದೆ. ಅದಕ್ಕೆ ಟೆಕ್ ಪ್ಯಾಕ್ ಅನ್ನುತ್ತಾರೆ. ಅದನ್ನು ಓದಿ ಬಟ್ಟೆ ಎಷ್ಟು ಬೇಕು, ದಾರ, ಗುಂಡಿ ಎಲ್ಲಿಂದ ಬರಬೇಕು, ಒಂದು ಅಂಗಿ ಹೊಲಿಯಲು ಎಷ್ಟು ನಿಮಿಷ ಹಿಡಿಯುತ್ತದೆ, ಯಾವ ದರ ಹೇಳಿದರೆ ಫ್ಯಾಕ್ಟರಿಗೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕುವವರು ಮರ್ಚಂಡೈಸರ್. ಬಣ್ಣದ ತುಂಡಿಗೆ, ಸ್ಯಾಂಪಲ್ ಅಂಗಿಗೆ ಒಪ್ಪಿಗೆ ತರಿಸುವುದು, ಹಡಗಿಗೆ ಮಾಲು ಏರುವ ದಿನದವರೆಗೆ ಕ್ಯಾಲೆಂಡರ್ ಕಾಯುವುದು ಕೂಡ ಅವರ ಪಾಲಿಗೇ ಬರುತ್ತದೆ. ಒಂದು ಅಂಗಿಗೆ 10 ಸೆಂಟಿಮೀಟರ್ ಬಟ್ಟೆ ತಪ್ಪಾಗಿ ಲೆಕ್ಕ ಹಿಡಿದರೆ, ಒಂದು ಲಕ್ಷ ಅಂಗಿಯ ಆರ್ಡರಿಗೆ 10 ಸಾವಿರ ಮೀಟರ್ ಏರುಪೇರಾಯಿತು. ಗುಂಡಿ ನಾಲ್ಕು ದಿನ ತಡವಾಗಿ ಬಂದರೆ ಲೈನ್ ಸುಮ್ಮನೆ ಕೂರುತ್ತದೆ. ಆ ನಾಲ್ಕು ದಿನವನ್ನು ಕೊನೆಗೆ ಗಂಟೆಯ ಟಾರ್ಗೆಟ್ ಏರಿಸಿ ಟೈಲರ್ ಹೆಂಗಸರಿಂದಲೇ ವಸೂಲಿ ಮಾಡುತ್ತಾರೆ. ಮೇಜಿನ ಮೇಲೆ ಆದ ತಪ್ಪಿಗೆ ದಂಡ ಕಟ್ಟುವುದು ಮೆಷಿನ್ ಮುಂದೆ ಕೂತವರು.

ಈಗ ಹಳೆಯ ಕಥೆಗೆ ಬರೋಣ. ಕಿಯೋನಿಕ್ಸ್ ಹುಟ್ಟಿದ್ದು 1976ರಲ್ಲಿ. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಭಾಗದ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಅದೇ 1978ರಲ್ಲೇ ಕೇಂದ್ರ ಸರ್ಕಾರ ಸಿದ್ಧ ಉಡುಪು ರಫ್ತು ಉತ್ತೇಜನ ಮಂಡಳಿ ಸ್ಥಾಪಿಸಿದ್ದು ಅಷ್ಟು ಗೊತ್ತಿಲ್ಲದ ಕಥೆ. ಅದರ ಹಿಂದೆ ಕೋಟಾ ಇತ್ತು. 1974ರಿಂದ ಶ್ರೀಮಂತ ದೇಶಗಳು ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಬಹುದು ಎಂದು ಮಿತಿ ಹಾಕಿದ್ದವು. ಒಂದು ದೇಶದ ಮಿತಿ ಮುಗಿದರೆ ಆರ್ಡರ್ ಇನ್ನೊಂದು ದೇಶಕ್ಕೆ ಹೋಗುತ್ತಿತ್ತು. ಹಾಗೆ ನಮ್ಮಲ್ಲಿಗೂ ಬಂತು. ಗೋಕುಲ್‌ದಾಸ್ ಎಕ್ಸ್‌ಪೋರ್ಟ್ಸ್ 1979ರಲ್ಲಿ ಶುರುವಾಯಿತು. ಮುಂದಿನ ದಶಕಗಳಲ್ಲಿ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಎದ್ದವು. ಲಕ್ಷಗಟ್ಟಲೆ ಜನ ಬಂದರು, ಅದರಲ್ಲಿ ಹೆಚ್ಚಿನವರು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು.

ಅವರು ಹೊಲಿಗೆ ಕಲಿತದ್ದು ಎಲ್ಲಿ? ಕೆಲವರು ಮಹಿಳಾ ಸಮಾಜದಲ್ಲಿ, ಕೆಲವರು ಊರ ಟೈಲರ್ ಹತ್ತಿರ. 1979ರಲ್ಲಿ ಟ್ರೈಸೆಮ್ ಎಂಬ ಕೇಂದ್ರದ ಯೋಜನೆ ಬಂತು, ಗ್ರಾಮೀಣ ಯುವಜನರಿಗೆ ಕಸುಬು ಕಲಿಸಲು. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಜೊತೆ ಸಿಂಡಿಕೇಟ್, ಕೆನರಾ ಬ್ಯಾಂಕ್‌ಗಳು ಕೈ ಜೋಡಿಸಿದ್ದವು. ಇವತ್ತು ಜಿಲ್ಲೆ ಜಿಲ್ಲೆಗಳಲ್ಲಿ ಇರುವ ಆರ್‌ಸೆಟಿ ಕೇಂದ್ರಗಳಿಗೆ ಅದೇ ಮಾದರಿ. ಇವೆಲ್ಲ ಒಳ್ಳೆಯ ಕೆಲಸವೇ. ನಮ್ಮ ಮನೆಗಳಲ್ಲಿ ಇವತ್ತಿಗೂ ಓಡುತ್ತಿರುವ ಎಷ್ಟೋ ಮೆಷಿನ್‌ಗಳು ಇಂಥ ತರಬೇತಿಗಳಿಂದ ಬಂದವು. ಆದರೆ ಇವು ಕಲಿಸಿದ್ದು ಮೆಷಿನ್ ತುಳಿಯುವುದು, ರವಿಕೆ ಕತ್ತರಿಸುವುದು. ಅಂಗಿಯ ದರ ಕಟ್ಟುವುದನ್ನಲ್ಲ.

ಅದನ್ನು ಕಲಿಸಲು ಬೇರೆ ಶಾಲೆ ಬಂತು. 1986ರಲ್ಲಿ ಕೇಂದ್ರ ಜವಳಿ ಸಚಿವಾಲಯ ದೆಹಲಿಯಲ್ಲಿ ನಿಫ್ಟ್ ಆರಂಭಿಸಿತು. 1997ರಲ್ಲಿ ಬೆಂಗಳೂರಿಗೂ ಬಂತು. ಈಗ ಅದು ಇರುವುದು ಎಚ್.ಎಸ್.ಆರ್. ಬಡಾವಣೆಯಲ್ಲಿ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಗೇಟುಗಳಿಂದ ಕೆಲವೇ ಕಿಲೋಮೀಟರ್ ದೂರ. ಬೆಳಿಗ್ಗೆ ಕೈಯಲ್ಲಿ ಊಟದ ಡಬ್ಬಿ ಹಿಡಿದು ಓಡುವ ಹೆಂಗಸರೂ, ಹೆಗಲಿಗೆ ಡ್ರಾಯಿಂಗ್ ಹಾಳೆಯ ಕೊಳವೆ ಹಾಕಿಕೊಂಡ ವಿದ್ಯಾರ್ಥಿಗಳೂ ಒಂದೇ ಬಟ್ಟೆಯ ಉದ್ಯಮದವರು. ಅವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ.

ನಿಫ್ಟ್ ಕಟ್ಟಲು ನೆರವಾದದ್ದು ನ್ಯೂಯಾರ್ಕ್‌ನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಜನ ಎಫ್‌ಐಟಿ ಅನ್ನುತ್ತಾರೆ. ಅದರ ಹುಟ್ಟಿನ ಕಥೆ ಓದಿದಾಗ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಅದು 1944ರಲ್ಲಿ ಶುರುವಾದದ್ದು 100 ವಿದ್ಯಾರ್ಥಿಗಳೊಂದಿಗೆ. ಎಲ್ಲಿ ಗೊತ್ತೇ? ಹೊಲಿಗೆ ಕಸುಬು ಕಲಿಸುವ ಒಂದು ಸರ್ಕಾರಿ ಹೈಸ್ಕೂಲಿನ ಮೇಲಿನ ಎರಡು ಮಹಡಿಗಳಲ್ಲಿ. ನ್ಯೂಯಾರ್ಕ್‌ನ ಬಟ್ಟೆ ಫ್ಯಾಕ್ಟರಿಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ವಲಸೆ ಬಂದ ಬಡವರು. ಅವರ ಮಕ್ಕಳು ಕಸುಬು ಬಿಟ್ಟು ಬೇರೆ ಕೆಲಸಕ್ಕೆ ಹೋಗತೊಡಗಿದ್ದರು. ಉದ್ಯಮ ಉಳಿಯಬೇಕಾದರೆ ವಿನ್ಯಾಸ, ವ್ಯಾಪಾರ ಬಲ್ಲ ಹೊಸಬರು ಬೇಕು ಎಂದು ಉದ್ಯಮದವರೂ ಶಿಕ್ಷಣದವರೂ ಸೇರಿ ಕಟ್ಟಿದ ಶಾಲೆ ಅದು. 1951ರಲ್ಲಿ ಅದಕ್ಕೆ ಸಿಕ್ಕ ಮಾನ್ಯತೆ ಕಮ್ಯುನಿಟಿ ಕಾಲೇಜಿನದು. ಅಂದರೆ ಸುತ್ತಲಿನ ಸಾಮಾನ್ಯ ಜನರಿಗೆ, ಕಡಿಮೆ ಖರ್ಚಿನಲ್ಲಿ, ಎರಡು ವರ್ಷದ ಓದು.

ಕೆಳಗಿನ ಮಹಡಿಯಲ್ಲಿ ಸೂಜಿ, ಮೇಲಿನ ಮಹಡಿಯಲ್ಲಿ ಪೆನ್ಸಿಲ್, ನಡುವೆ ಒಂದು ಮೆಟ್ಟಿಲು. ನಮ್ಮ ದೇಶಕ್ಕೆ ಬರುವಾಗ ಮೇಲಿನ ಮಹಡಿ ಮಾತ್ರ ಬಂತು. ನಿಫ್ಟ್ ಕೆಟ್ಟ ಶಾಲೆ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಶಾಲೆ, ಹಳ್ಳಿಯ ಮಕ್ಕಳೂ ಕಷ್ಟಪಟ್ಟು ಸೇರಿದ್ದಾರೆ. ಆದರೆ ದೇಶದ ಮಟ್ಟದ ಪ್ರವೇಶ ಪರೀಕ್ಷೆ, ಅದೂ ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಎದುರಿನ ಬಾಗಿಲು ಕಾಣುತ್ತದೆ, ಹತ್ತುವ ಮೆಟ್ಟಿಲು ಕಾಣುವುದಿಲ್ಲ.

2005ರ ಜನವರಿ 1ರಂದು ಕೋಟಾ ಪೂರ್ತಿ ಮುಗಿಯಿತು. ಮಿತಿಯ ಕಾರಣಕ್ಕೆ ನಮ್ಮಲ್ಲಿಗೆ ಬರುತ್ತಿದ್ದ ಆರ್ಡರ್ ಇನ್ನು ತಾನಾಗಿ ಬರುವಂತಿರಲಿಲ್ಲ. ದರ, ಸಮಯ, ಸ್ಯಾಂಪಲ್ ಎಲ್ಲದರಲ್ಲೂ ಬಾಂಗ್ಲಾದೇಶ, ಚೀನಾ ಜೊತೆ ಪೈಪೋಟಿ. ನನ್ನ ಲೆಕ್ಕದಲ್ಲಿ ಮರ್ಚಂಡೈಸರ್ ಮೇಜಿಗೆ ನಿಜವಾದ ತೂಕ ಬಂದದ್ದು ಆಗಲೇ. ಪ್ರತಿ ರಸ್ತೆಯಲ್ಲೂ ಫ್ಯಾಷನ್ ಇನ್‌ಸ್ಟಿಟ್ಯೂಟ್ ಬೋರ್ಡು ನೇತಾಡಲು ಶುರುವಾದದ್ದೂ ಆಮೇಲೆಯೇ. ಆ ಬೋರ್ಡುಗಳ ವಿಷಯ ಇನ್ನೊಮ್ಮೆ ಬರೆಯಬೇಕು.

2010ರಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಮೇಲ್ಸೇತುವೆ ತೆರೆಯಿತು. ಐಟಿಯವರ ಕಾರು, ಬಸ್ಸು ಮೇಲೆ ಹೋದವು. ಗಾರ್ಮೆಂಟ್ಸ್ ಹೆಂಗಸರು ಕೆಳಗಿನ ರಸ್ತೆಯಲ್ಲೇ ಉಳಿದರು. ಅವರು ಅಲ್ಲಿದ್ದಾರೆ ಎಂದು ಊರಿಗೆಲ್ಲ ಗೊತ್ತಾದದ್ದು 2016ರ ಏಪ್ರಿಲ್ 18 ಮತ್ತು 19ರಂದು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ, ಪೀಣ್ಯದ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮ ವಾಪಸ್ ಪಡೆಯಿತು. ಕಲ್ಲು, ಬೆಂಕಿ, ಲಾಠಿಯ ಫೋಟೊಗಳು ಮಾತ್ರ ಹೆಚ್ಚಿನವರ ನೆನಪಲ್ಲಿವೆ. ಆ ಪಿಎಫ್ ದುಡ್ಡು ಅವರಿಗೆ ಮುಪ್ಪಿನ ಪಿಂಚಣಿಯಲ್ಲ, ಮಗಳ ಮದುವೆ, ಮನೆ ರಿಪೇರಿ, ಕಾಲೇಜು ಫೀಸು.

ಕಮ್ಯುನಿಟಿ ಕಾಲೇಜು ಎಂಬ ಮಾತು ನಮ್ಮ ದೇಶಕ್ಕೂ ಬಂತು, ತಡವಾಗಿ. 1995ರಲ್ಲಿ ಪುದುಚೇರಿಯಲ್ಲಿ, 1996ರಲ್ಲಿ ಚೆನ್ನೈನಲ್ಲಿ. 2013ರಲ್ಲಿ ಯುಜಿಸಿ ತನ್ನದೇ ಯೋಜನೆ ತಂದಿತು. ಇದ್ದ ಕಾಲೇಜುಗಳಲ್ಲೇ ಸುತ್ತಲಿನ ಉದ್ಯಮಕ್ಕೆ ಬೇಕಾದ ಕಸುಬು ಕಲಿಸಬೇಕು, ಉದ್ಯಮದವರೂ ಪಾಠದಲ್ಲಿ ಪಾಲುದಾರರಾಗಬೇಕು, ಮಧ್ಯೆ ಬಿಟ್ಟವರಿಗೂ ಕೈಯಲ್ಲಿ ಸರ್ಟಿಫಿಕೇಟ್ ಉಳಿಯಬೇಕು ಎಂಬುದು ಅದರ ಆಶಯ. 2014ರಲ್ಲಿ ಮೂರು ವರ್ಷದ ಬಿ.ವೋಕ್ ಪದವಿಯೂ ಬಂತು. ಒಂದು ವರ್ಷಕ್ಕೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರಕ್ಕೆ ಪದವಿ. ಕಾಗದದ ಮೇಲೆ ಮೆಟ್ಟಿಲು ಸಿದ್ಧ. ಕಾಗದದಿಂದ ಕಟ್ಟಡಕ್ಕೆ ಇಳಿಯುವುದರಲ್ಲೇ ನಮ್ಮ ಯೋಜನೆಗಳು ಸುಸ್ತಾಗುತ್ತವೆ.

ಆ ತಾಯಿಗೆ ನಾನು ಫೋನ್ ಮಾಡಿ ಹೇಳಿದ್ದು ಇಷ್ಟು. ಐಟಿಐನಲ್ಲಿ ಡ್ರೆಸ್ ಮೇಕಿಂಗ್, ಫ್ಯಾಷನ್ ಡಿಸೈನ್ ಅಂಡ್ ಟೆಕ್ನಾಲಜಿ ಎಂಬ ಒಂದು ವರ್ಷದ ಕೋರ್ಸುಗಳಿವೆ. ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಮೂರು ವರ್ಷದ ಡಿಪ್ಲೊಮಾ ಇದೆ. ರಫ್ತು ಮಂಡಳಿಯದೇ ಎಟಿಡಿಸಿ ಎಂಬ ತರಬೇತಿ ಕೇಂದ್ರಗಳಿವೆ. ಎಲ್ಲಿಗೆ ಹೋದರೂ ಗೋಡೆಯ ಮೇಲಿನ ರ‍್ಯಾಂಪ್ ಶೋ ಫೋಟೊ ನೋಡಬೇಡಿ, ಸಿಲಬಸ್ ಕೇಳಿ. ದರ ಕಟ್ಟುವುದು, ಪ್ಯಾಟರ್ನ್ ತೆಗೆಯುವುದು, ಬಟ್ಟೆಯ ಗುಣಮಟ್ಟ, ಕಂಪ್ಯೂಟರ್ ಲೆಕ್ಕ, ಇಂಗ್ಲಿಷ್‌ನಲ್ಲಿ ಇಮೇಲ್ ಬರೆಯುವುದು ಇದೆಯೇ? ಫ್ಯಾಕ್ಟರಿಯಲ್ಲಿ ತರಬೇತಿ ಇದೆಯೇ? ಸರ್ಟಿಫಿಕೇಟ್ ಕೊಡುವುದು ಯಾರು?

ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅವರೇ ಒಂದು ಮಾತು ಕೇಳಿದರು: "ಗಂಟೆಗೆ ಎಷ್ಟು ಕಾಲರ್ ಆಗುತ್ತೆ ಅಂತ ಆ ಮೇಜಿನವರು ಹೆಂಗೆ ಲೆಕ್ಕ ಹಾಕ್ತಾರೆ ಸಾರ್? ನಮ್ಮನ್ನ ಒಂದು ದಿನವೂ ಕೇಳಿಲ್ಲ."

ಮಗಳು ಅರ್ಜಿ ಹಾಕಿದ್ದಾಳೆ. ಎರಡು ಕಡೆ ಕಾಯುತ್ತಿದ್ದಾರೆ.